ರಾತ್ರಿ ಪಾಳಿಯ ಗುನುಗು

2009ರ ಚಳಿಗಾಲದಲ್ಲಿ ನಮ್ಮ ಅಮ್ಮಿ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದರು. ಗಣಿಗಾರಿಕೆಯ ಭರಾಟೆಯ ಕಾಲ ಅದು. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಇರುಳೆಲ್ಲ ಓಡುತ್ತಿದ್ದವು. ವಾರ್ಡಿನ ಕಿಟಕಿಯ ಸರಳುಗಳ ಮೇಲೂ ಕೆಂಪು ದೂಳು ಕೂತಿರುತ್ತಿತ್ತು. ರಾತ್ರಿ ಪಾಳಿಗೆ ಬರುತ್ತಿದ್ದ ನರ್ಸ್ ಕಂಪ್ಲಿ ಹತ್ತಿರದ ಒಂದು ಕ್ಯಾಂಪಿನವರು. ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ಮೇಲೆ ಆಂಧ್ರದಿಂದ ಬಂದು ಬೇಸಾಯಕ್ಕೆ ನೆಲೆನಿಂತವರ ಊರುಗಳನ್ನು ನಮ್ಮ ಸೀಮೆಯಲ್ಲಿ ಕ್ಯಾಂಪ್ ಎಂದೇ ಕರೆಯುತ್ತಾರೆ. ಆಕೆ ಹಾಸಿಗೆ ಬದಲಿಸುವಾಗ, ಹುಣ್ಣು ತೊಳೆಯುವಾಗ, ಬೆಡ್‌ಪ್ಯಾನ್ ಎತ್ತುವಾಗ ಮೆಲ್ಲಗೆ ಒಂದು ಹಾಡನ್ನು ಗುನುಗುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡ. ನಡುನಡುವೆ ಯೇಸುವಿನ ಹೆಸರು.

ಅಮ್ಮಿಗೆ ಆ ದನಿ ಹಿಡಿಸಿತ್ತು. ನೋವಿನಲ್ಲಿ ನರಳುತ್ತಿದ್ದವರು ಆಕೆ ಬಂದೊಡನೆ ಸುಮ್ಮನಾಗುತ್ತಿದ್ದರು. ನೋಡಲು ಬಂದ ನಮ್ಮ ಮಾಮೂಗೆ ಮಾತ್ರ ಇದು ಸರಿಬರಲಿಲ್ಲ. 'ಅಕ್ಕನ ಸ್ಥಿತಿ ಹೀಗಿದೆ. ಕಿವಿಗೆ ಕಲಿಮಾ ಬೀಳಬೇಕಾದ ಹೊತ್ತಿನಲ್ಲಿ ಇದೇನು ಕೇಳಿಸ್ತಿದ್ದೀರಿ?' ಎಂದರು. ಮಾಮೂ ಕೆಟ್ಟವರಲ್ಲ, ಜಗಳಗಂಟರೂ ಅಲ್ಲ. ಸಾವಿನ ಹಾಸಿಗೆಯ ಬಳಿ ದೇವರ ಏಕತ್ವದ ಮಾತು ಕೇಳಿಸಬೇಕೆಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ನಡವಳಿಕೆ. ಅವರ ಆತಂಕ ನಿಜವಾದದ್ದು. ನಾವು ಹೋಗಿ, ಆದಷ್ಟು ಮೃದುವಾಗಿಯೇ, 'ಸಿಸ್ಟರ್, ಅಮ್ಮಿಗೆ ನಿದ್ದೆ ಬರಲ್ಲ, ಸ್ವಲ್ಪ ಹಾಡೋದು ನಿಲ್ಲಿಸ್ತೀರಾ?' ಎಂದೆವು. ನಿದ್ದೆಯ ಮಾತು ಸುಳ್ಳಾಗಿತ್ತು. ಆಕೆ ತಲೆಯಾಡಿಸಿದರು. ಅಂದಿನಿಂದ ಕೆಲಸ ಮೊದಲಿನಷ್ಟೇ ಅಚ್ಚುಕಟ್ಟು, ದನಿ ಮಾತ್ರ ಇಲ್ಲ.

ಮೂರನೆಯ ರಾತ್ರಿ ಅಮ್ಮಿ ಕೇಳಿದರು: 'ಆ ಹುಡುಗಿ ಯಾಕೆ ಸುಮ್ಮನಾಗಿದ್ದಾಳೆ? ಯಾರಾದರೂ ಬೈದರಾ?'

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಧರ್ಮದ ಹಾಡು ನಮ್ಮನ್ನು ತಾಕಿದರೆ ತಾಕಿದ್ದು ಏನು? ರಾಗವೋ, ನಂಬಿಕೆಯೋ, ಹಾಡಿದವರ ಕೈಯ ಹದವೋ? ಹಾಗೆ ತಾಕಿಸಿಕೊಳ್ಳುವುದು ನಮ್ಮ ಈಮಾನಿಗೆ ಮಾಡುವ ದ್ರೋಹವೇ?

ಸಂಗೀತ ಸಲ್ಲುವುದೋ ಇಲ್ಲವೋ ಎಂಬ ಚರ್ಚೆ ಇಸ್ಲಾಮಿನಲ್ಲಿ ಹಳೆಯದು. ವಾದ್ಯಗಳನ್ನು ನಿಷಿದ್ಧವೆಂದ ದೊಡ್ಡ ವಿದ್ವಾಂಸರಿದ್ದಾರೆ. ಸಮಾ ಎಂಬ ಭಕ್ತಿಗಾಯನವನ್ನು ಕೆಲವು ನಿಯಮಗಳೊಡನೆ ಒಪ್ಪಿ, ತಮ್ಮ 'ಇಹ್ಯಾ'ದಲ್ಲಿ ಅದಕ್ಕೆಂದೇ ಒಂದು ಭಾಗ ಮೀಸಲಿಟ್ಟ ಇಮಾಮ್ ಗಜ್ಜಾಲಿಯೂ ಇದ್ದಾರೆ. ದಾವೂದ್(ಅ)ರ ಸ್ತೋತ್ರಕ್ಕೆ ಬೆಟ್ಟಗಳೂ ಹಕ್ಕಿಗಳೂ ದನಿಗೂಡಿಸಿದವೆಂದು ಕುರ್‌ಆನ್ ಹೇಳುತ್ತದೆ. ಅಬೂ ಮೂಸಾ ಅಶ್‌ಅರಿ ಎಂಬ ಸಂಗಾತಿಯ ಕುರ್‌ಆನ್ ಪಠಣ ಕೇಳಿದ ಪ್ರವಾದಿ(ಸ)ಯವರು ದಾವೂದರ ಮನೆತನದ ಕೊಳಲುಗಳಲ್ಲೊಂದು ನಿನಗೆ ಸಿಕ್ಕಿದೆ ಎಂದು ಮೆಚ್ಚಿದ ಪ್ರಸಂಗ ಹದೀಸಿನಲ್ಲಿದೆ. ಆ ದಾವೂದರು ಯಹೂದಿಗಳಿಗೂ ಕ್ರೈಸ್ತರಿಗೂ ಕೀರ್ತನೆಗಳ ದೊರೆ. ಚರ್ಚಿನಲ್ಲಿ ಹಾಡುವ ಕೀರ್ತನೆಗಳಿಗೂ ನಾವು ಗೌರವಿಸುವ ಜಬೂರ್ ಗ್ರಂಥಕ್ಕೂ ಇಟ್ಟ ಹೆಸರು ಒಬ್ಬರದೇ.

ಈ ಅನುಮಾನ ಮುಸ್ಲಿಮರದು ಮಾತ್ರವೆಂದು ಭಾವಿಸಿದ್ದ ನಮಗೆ ಸಂತ ಅಗಸ್ಟೀನನನ್ನು ಓದಿದಾಗ ಅಚ್ಚರಿಯಾಯಿತು. ಮಿಲಾನ್ ನಗರದ ಚರ್ಚಿನ ಹಾಡುಗಳನ್ನು ಕೇಳಿ ಅತ್ತವನು ಆತ. ಅದೇ ಮನುಷ್ಯ ತನ್ನ ಆತ್ಮನಿವೇದನೆಯಲ್ಲಿ, ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತನ್ನನ್ನು ಹೆಚ್ಚು ಅಲುಗಿಸಿದರೆ ಅದು ಪಾಪವೆಂದು ತನ್ನನ್ನೇ ದೂರಿಕೊಳ್ಳುತ್ತಾನೆ. ಹದಿನಾರನೆಯ ಶತಮಾನದಲ್ಲಿ ಜೂರಿಕ್‌ನ ಸುಧಾರಕ ಜ್ವಿಂಗ್ಲಿ, ಸ್ವತಃ ಹಲವು ವಾದ್ಯ ನುಡಿಸಬಲ್ಲವನಾಗಿದ್ದೂ, ಆರಾಧನೆಯಿಂದ ಸಂಗೀತವನ್ನು ಹೊರಗಿಟ್ಟ. ನಮ್ಮ ಮಾಮೂ ಅವನೊಡನೆ ಕೂತು ಚಹಾ ಕುಡಿಯಬಹುದಿತ್ತು!

ಬಳ್ಳಾರಿ ಸೀಮೆಗೆ ಯೇಸುವಿನ ಕಥೆ ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲನ್ನು ಕನ್ನಡಕ್ಕೆ ತಂದವರು ಅವರು. ಆದರೆ ಗದ್ಯದಲ್ಲಿ ತಂದ ಮಾತು ಕಿವಿಗೆ ಇಳಿಯಲು ಹಾಡು ಬೇಕಾಗುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅದನ್ನು ಬಲ್ಲವರಾಗಿದ್ದರು. 1894ರ ನಿಘಂಟಿನಿಂದಲೇ ಅವರನ್ನು ನೆನೆಯುವ ನಾವು, ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ ಅವರು 'ಕಥಾಮಾಲೆ' ಬರೆದದ್ದನ್ನು ಮರೆಯುತ್ತೇವೆ. ಕ್ರಿಸ್ತನ ಬದುಕನ್ನು ಕನ್ನಡದ್ದೇ ಪದ್ಯದ ನಡೆಯಲ್ಲಿ ಹೇಳುವ ಕೃತಿ ಅದು. ಮುಂದೆ 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಕ್ಯಾಥೊಲಿಕ್ ಪೂಜೆಗೂ ಲ್ಯಾಟಿನ್ ಬದಲು ಜನರ ನುಡಿ ಬಂತು, ಹಾರ್ಮೋನಿಯಂ ತಬಲಗಳು ಬಂದವು. ನಮ್ಮ ನರ್ಸ್ ಗುನುಗುತ್ತಿದ್ದ ಧಾಟಿಯಲ್ಲಿ ಪರದೇಶದ್ದೇನೂ ಇರಲಿಲ್ಲ. ಹಂಪಿಯ ಹೊಳೆದಂಡೆಯಲ್ಲಿ, ಪುರಂದರದಾಸರ ಮಂಟಪದಲ್ಲಿ ಕೂತವರು ಭಜನೆಗೆ ಎತ್ತಿಕೊಂಡಿದ್ದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಇನ್ನೊಂದು ಲೆಕ್ಕವನ್ನು ನಾವು ಒಪ್ಪಿಸಲೇಬೇಕು. ಸಂಡೂರು, ಕಂಪ್ಲಿ, ಹೊಸಪೇಟೆಯ ಆಸುಪಾಸಿನ ಹಳ್ಳಿಗಳಲ್ಲಿ ಮೊಹರಂ ಬಂದರೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಹಸನ್ ಹುಸೇನರಿಗಾಗಿ ಕುರುಬರು, ನಾಯಕರು, ದಲಿತರು ಹಾಡುತ್ತಾರೆ, ಕಣ್ಣೀರು ಹಾಕುತ್ತಾರೆ. ಹಾಡಿದ್ದರಿಂದ ತಮ್ಮ ಧರ್ಮ ಕೆಟ್ಟೀತೆಂದು ಅವರು ನಮ್ಮ ಬಳಿ ವಿಚಾರಿಸಲಿಲ್ಲ. (ಮೊಹರಂನ ಈ ಆಚರಣೆಗಳೇ ಸಲ್ಲವೆಂದು ನಮ್ಮವರೇ ಈಗ ಹೇಳುತ್ತಿದ್ದಾರೆ, ಆ ಮಾತು ಬೇರೆ.) ನಮ್ಮ ದುಃಖವನ್ನು ತಲೆಮಾರುಗಳಿಂದ ಅವರ ಗಂಟಲಿನಿಂದ ಕೇಳಿ ಬೆಳೆದ ನಾವು, ಒಬ್ಬಳು ಹುಡುಗಿಯ ಗುನುಗಿಗೆ ಬೆದರಿದೆವು.

ಹಾಗೆಂದು ಎಲ್ಲ ಧರ್ಮವೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಒಗ್ಗುವುದಿಲ್ಲ. ಈಸಾ(ಅ) ನಮಗೆ ಪ್ರವಾದಿ, ಆಕೆಗೆ ದೇವಪುತ್ರ. ಈ ಅಂತರ ಸಣ್ಣದಲ್ಲ, ಯಾವ ರಾಗವೂ ಅದನ್ನು ಅಳಿಸುವುದಿಲ್ಲ. ಆಕೆಯ ಹಾಡಿನ ಮಾತುಗಳಿಗೆ ನಾವು ಆಮೀನ್ ಹೇಳಲಾರೆವು. ಹಾಗಾದರೆ ಸೇವೆಯನ್ನು ಮೆಚ್ಚಿ, ಹಾಡನ್ನು ಬಿಡಬಹುದಲ್ಲ? ನಾವು ಮೊದಲು ಹಾಗೆಯೇ ಎಣಿಸಿದ್ದೆವು. ಆದರೆ ಯಾರಾದರೂ ಬಂದು, 'ನಿಮ್ಮ ಶಿಸ್ತು ಚೆನ್ನ, ನಿಮ್ಮ ಜಕಾತ್ ಚೆನ್ನ, ಆ ಅಲ್ಲಾಹನ ಮಾತೊಂದು ಬೇಡ' ಎಂದರೆ ನಮಗೆ ಹೇಗಾಗುತ್ತದೆ? ನಮಾಜಿನಿಂದ ದೇವರನ್ನು ಕಳೆದರೆ ಉಳಿಯುವುದು ಮೈಬಗ್ಗಿಸುವ ಕಸರತ್ತು. ಬೆಳಗಿನ ಜಾವ ಮೂರು ಗಂಟೆಗೆ ಪರಿಚಯವಿಲ್ಲದ ಮುದುಕಿಯ ಮಲವನ್ನು ಮುಖ ಸಿಂಡರಿಸದೆ ಎತ್ತುವ ಬಲ ಆಕೆಗೆ ಎಲ್ಲಿಂದ ಬಂತೆಂದು ಆಕೆಯೇ ಹೇಳಬೇಕು. ನಾವು ಒಪ್ಪದಿರಬಹುದು, ಆದರೆ ಅದನ್ನು ಆಕೆಯ ಬಾಯಿಂದ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಕೇಳುವುದು ಬೇರೆ, ಸಾಕ್ಷಿ ನುಡಿಯುವುದು ಬೇರೆ. ಅಮ್ಮಿ ಕೇಳುತ್ತಿದ್ದರು, ಅಷ್ಟೇ. ಅವರ ಬೆರಳುಗಳಲ್ಲಿ ತಸ್ಬೀ ಮಣಿ ಆಗಲೂ ಓಡುತ್ತಲೇ ಇತ್ತು. ಅದನ್ನು ನಾವು ನೋಡಿದ್ದೆವು, ಮಾಮೂ ನೋಡಿರಲಿಲ್ಲ, ನೋಡಿದ್ದನ್ನು ನಾವು ಅವರಿಗೆ ಹೇಳಲೂ ಇಲ್ಲ.

ಮರುದಿನ ರಾತ್ರಿ ಹೋಗಿ, ನಿದ್ದೆಯ ಮಾತು ಸುಳ್ಳೆಂದು ಒಪ್ಪಿಕೊಂಡು, ತಪ್ಪಾಯಿತೆಂದೆವು. ಅಷ್ಟೊಂದು ಯೋಚಿಸಿ ಹೋಗಿದ್ದ ನಮಗೆ ಆಕೆಯ ಉತ್ತರ ನಗು ತರಿಸಿತು.

'ಅಯ್ಯೋ ಬಿಡ್ರಿ. ಹಾಡದಿದ್ರೆ ನನಗೇ ನಿದ್ದೆ ಬರ್ತೈತ್ರಿ. ಅದಕ್ಕೇ ಹಾಡ್ತಿದ್ದೆ.' ಸ್ವಲ್ಪ ತಡೆದು, 'ಭಯಾನೂ ಆಗ್ತೈತ್ರಿ. ರಾತ್ರಿ ಯಾರಾದ್ರೂ ಹೋಗಿಬಿಟ್ರೆ ನಾನೊಬ್ಬಳೇ ಇರ್ತೀನಲ್ಲ' ಎಂದರು.

ಅಮ್ಮಿ ಗುಣವಾಗಿ ಮನೆಗೆ ಬಂದರು. ಆಮೇಲೆ ಮೂರು ವರ್ಷ ಬದುಕಿದರು. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಾಗ ಅವರು ಸುಬ್‌ಹಾನಲ್ಲಾಹ್ ಎನ್ನುತ್ತಿದ್ದುದಕ್ಕೆ ಒಂದು ಧಾಟಿ ಸೇರಿಕೊಂಡಿತ್ತು. ಎಲ್ಲಿಯದೆಂದು ನಮಗೆ ಗೊತ್ತಿತ್ತು. ಒಂದು ಸಂಜೆ ಮಾಮೂ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. 'ಚೆನ್ನಾಗಿದೆಯಲ್ಲ, ಯಾವ ನಾತ್ ಇದು?' ಎಂದರು. ಅಮ್ಮಿ ಮೊರದಿಂದ ತಲೆಯೆತ್ತಲಿಲ್ಲ. ನಾವು ಚಹಾ ಮಾಡಲು ಎದ್ದೆವು.