ಹೊಗೆ ಎಲ್ಲಿಗೆ ಹೋಯಿತು?

2023ರ ಚಳಿಗಾಲದಲ್ಲಿ ಸಂಶೋಧನೆಯ ಕೆಲಸಕ್ಕೆಂದು ಕೆಲವು ವಾರ ಕೋಲ್ಕತ್ತದಲ್ಲಿದ್ದೆ. ಶ್ಯಾಮ್‌ಬಜಾರಿನಿಂದ ಎಸ್ಪ್ಲನೇಡಿಗೆ ಹೋಗುವ ಟ್ರಾಮು ಕಾಲೇಜ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳ ನಡುವೆ ಹಾಯುತ್ತದೆ. ಮೊದಲು ಕುದುರೆಗಳು ಎಳೆಯುತ್ತಿದ್ದ ಈ ಬಂಡಿ 1902ರಿಂದ ಕರೆಂಟಿನ ಮೇಲೆ ಓಡುತ್ತಿದೆ. ಎಲೆಕ್ಟ್ರಿಕ್ ವಾಹನವೆಂದರೆ ನಾಳೆಯ ಸಂಗತಿ ಎಂದುಕೊಂಡಿದ್ದ ನನಗೆ ಅದೊಂದು ಸಣ್ಣ ಮುಖಭಂಗ.

ಆದರೂ 'ಹೊಗೆಯಿಲ್ಲದ ವಾಹನ' ಎಂಬ ಮಾತು ಕೇಳಿದರೆ ನನಗೆ ಇರಿಸುಮುರಿಸು. ನಾನು ಬೆಳೆದದ್ದು ಉಷ್ಣ ವಿದ್ಯುತ್ ಸ್ಥಾವರವೊಂದರ ಹತ್ತಿರದ ಊರಿನಲ್ಲಿ. ಗಾಳಿ ನಮ್ಮ ಕಡೆ ತಿರುಗಿದ ದಿನ ಅವ್ವ ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆದು ಮತ್ತೆ ನೀರಿಗೆ ಹಾಕುತ್ತಿದ್ದಳು. ಬೂದಿ. ಪಶ್ಚಿಮ ಬಂಗಾಳದ ವಿದ್ಯುತ್ತಿನ ಬಹುಪಾಲೂ ಕಲ್ಲಿದ್ದಲಿನದೇ. ಅಂದರೆ ಟ್ರಾಮಿನ ಹೊಗೆ ಇಲ್ಲವಾಗಿಲ್ಲ, ಪೇಟೆ ಬಿಟ್ಟು ಹೋಗಿದೆ ಅಷ್ಟೆ. ನಗರದವರು ಹಗುರಾಗಿ ಉಸಿರಾಡಲು ಇನ್ನಾರದೋ ಅಂಗಳದಲ್ಲಿ ಬೂದಿ ಬೀಳಬೇಕೆಂದಾದರೆ ಅದನ್ನು ಪರಿಸರದ ಲಾಭ ಎನ್ನಬಹುದೇ?

ಬಹಳ ದಿನ 'ಇಲ್ಲ' ಎಂದೇ ವಾದಿಸುತ್ತಿದ್ದೆ, ಅದೂ ಹಾಸ್ಟೆಲ್ಲಿನ ಫ್ಯಾನಿನ ಕೆಳಗೆ ಕೂತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವುದಕ್ಕೆ, ಡಾಂಬರಿನ ಮೇಲೆ ರಬ್ಬರ್ ಟೈರು ಉರುಳುವುದಕ್ಕಿಂತ ಎಷ್ಟೋ ಕಡಿಮೆ ಶಕ್ತಿ ಸಾಕು. ಟೈರು ಸವೆದ ಧೂಳಿಲ್ಲ. ಕರೆಂಟು ಮೇಲಿನ ತಂತಿಯಿಂದ ಬರುವುದರಿಂದ ಹೊತ್ತು ತಿರುಗಬೇಕಾದ ದೊಡ್ಡ ಬ್ಯಾಟರಿಯಿಲ್ಲ, ಅದಕ್ಕಾಗಿ ಎಲ್ಲೋ ಅಗೆಯಬೇಕಾದ ಲಿಥಿಯಮ್ಮೂ ಇಲ್ಲ. ಒಬ್ಬೊಬ್ಬರೇ ಕಾರಿನಲ್ಲಿ ಹೋಗುವ ಐವತ್ತು ಜನ ಒಂದು ಟ್ರಾಮು ಹತ್ತಿದರೆ ಒಟ್ಟಾರೆ ಸುಡುವುದೇ ಕಡಿಮೆ. ಈ ಉಳಿತಾಯದ ಪಾಲು ಬೂದಿಯ ಊರಿಗೆ ಬರುವುದಿಲ್ಲ, ನಿಜ. ಆ ಸಾಲ ನಗರದ ಮೇಲೆ ಇದ್ದೇ ಇದೆ. ಸಾಲ ಮಾಡಿ ತಂದದ್ದನ್ನು ಆದಷ್ಟು ಹೆಚ್ಚು ಜನರಿಗೆ ಹಂಚುವುದಾದರೂ ಸಾಲಗಾರನ ಮರ್ಯಾದೆಯಲ್ಲವೇ?

ಆಗುತ್ತಿರುವುದು ಅದರ ತಿರುವುಮುರುವು. ಮೈದಾನದಿಂದ ಎಸ್ಪ್ಲನೇಡಿನವರೆಗೆ ಪಾರಂಪರಿಕ ಓಡಾಟವೊಂದನ್ನು ಉಳಿಸಿ ಮಿಕ್ಕ ಟ್ರಾಮುಗಳನ್ನು ನಿಲ್ಲಿಸುವುದಾಗಿ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರಿಗೆ ಸಚಿವರು ಹೇಳಿದರು. ಕೊಟ್ಟ ಕಾರಣ ವಾಹನ ದಟ್ಟಣೆ. ಟ್ರಾಮಿಗೆಂದೇ ಮೀಸಲಿದ್ದ ಹಾದಿಯನ್ನು ಹಲವು ಕಡೆ ರಸ್ತೆಗೆ ಸೇರಿಸಿ, ಕಾರುಗಳನ್ನು ಹಳಿಯ ಮೇಲೆ ಬಿಟ್ಟುಕೊಂಡು, ಆಮೇಲೆ ಟ್ರಾಮು ಅಡ್ಡ ಬರುತ್ತದೆ ಎನ್ನುವುದು ಯಾವ ನ್ಯಾಯ? ಹಳಿ ಬಿಟ್ಟು ಪಕ್ಕಕ್ಕೆ ಸರಿಯಲು ಬಾರದ ವಾಹನವದು. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಒಂದು ಟ್ರಾಮಿನಿಂದ ಯಾರ ಕಾರೂ ಮನೆಯಲ್ಲಿ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳುವ ನಾನು, ಊರಿಗೆ ಹೊರಟ ದಿನ ರೈಲು ತಪ್ಪೀತೆಂದು ಟ್ಯಾಕ್ಸಿ ಹಿಡಿದೆ. ಕಾಲೇಜ್ ಸ್ಟ್ರೀಟಿನಲ್ಲಿ ಗಾಡಿ ಹಳಿಯ ಮೇಲೇ ಸಿಕ್ಕಿಕೊಂಡಿತು. ಹಿಂದೆ ಟ್ರಾಮೊಂದು ಬಂದು ನಿಂತು ಒಂದೇ ಸಮನೆ ಗಂಟೆ ಬಾರಿಸತೊಡಗಿತು. ಡ್ರೈವರ್ ಬೈದುಕೊಂಡ. ನಾನು ಗಡಿಯಾರ ನೋಡಿಕೊಂಡೆ, ಹಿಂದಿರುಗಿ ನೋಡಲಿಲ್ಲ.