ಕೀಬೋರ್ಡ್ ಹಣ ಮತ್ತು ಯೋವಾಷನ ಪೆಟ್ಟಿಗೆ

ಮಣಿಪಾಲದಿಂದ ನೆನೆದುಕೊಂಡು ಬಂದ ಸ್ಟೂಡೆಂಟ್ಸ್, ಕಾಪುವಿನಿಂದ ಬಂದ ಕುಟುಂಬಗಳು, ಎಲ್ಲರೂ ಬೈಬಲ್ ತೆರೆಯಿರಿ. ಎರಡನೆಯ ಅರಸುಗಳು, 12ನೇ ಅಧ್ಯಾಯ. ಮೊಬೈಲ್‌ನಲ್ಲಿ ತೆರೆಯುವವರು ದಾರಿಯಲ್ಲಿ ವಾಟ್ಸಾಪ್ ಹತ್ತಿರ ನಿಲ್ಲಬೇಡಿ.

ಇವತ್ತು ಕೀಬೋರ್ಡ್ ವಿಷಯ ಮಾತಾಡಲೇಬೇಕು. ಈಸ್ಟರ್ ದಿನ ಇದೇ ಜಾಗದಲ್ಲಿ ನಿಂತು "ಮಳೆಗಾಲಕ್ಕೆ ಮುಂಚೆ ಹೊಸದು ತರುವ" ಎಂದು ಹೇಳಿದವನು ನಾನೇ. ನೀವು ಕೈ ತಟ್ಟಿದಿರಿ. ಪೆಟ್ಟಿಗೆ ಇಟ್ಟೆವು, ನೀವು ಕೊಟ್ಟಿರಿ. ಮಳೆ ಬಂತು, ಕೀಬೋರ್ಡ್ ಬರಲಿಲ್ಲ. ಯಾಕೆ ಎಂದು ಕೇಳುವ ಹಕ್ಕು ನಿಮಗೆ ಉಂಟು.

ಮೊದಲು ನಮ್ಮ ಕೀಬೋರ್ಡ್ ನುಡಿಸುವ ತಮ್ಮನ ಪರವಾಗಿ ಹೇಳುತ್ತೇನೆ. ಅವನು ಶೋಕಿಗೆ ಕೇಳುತ್ತಿಲ್ಲ. ನಮ್ಮದು ಕಾರ್ಗ್ ಟ್ರೈಟನ್, 1999ರಲ್ಲಿ ಬಂದ ಮಾಡೆಲ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅದರಲ್ಲಿ ಫ್ಲಾಪಿ ಹಾಕುವ ಕಿಂಡಿ ಉಂಟು, ನಿಮ್ಮಲ್ಲಿ ಅರ್ಧ ಜನ ಫ್ಲಾಪಿ ನೋಡಿರಲಿಕ್ಕಿಲ್ಲ! ಅದು ಒಟ್ಟಿಗೆ 62 ಧ್ವನಿ ಕೊಡುತ್ತದೆ. ಬೇಕಾದಷ್ಟಾಯ್ತು ಅನಿಸುತ್ತದೆ. ಆದರೆ ಪಿಯಾನೋ ಜೊತೆ ಸ್ಟ್ರಿಂಗ್ಸ್ ಸೇರಿಸಿದರೆ ಒಂದು ಕೀ ಒತ್ತಿದ್ದಕ್ಕೆ ನಾಲ್ಕು ಧ್ವನಿ ಖರ್ಚಾಗಬಹುದು. ಪೆಡಲ್ ಒತ್ತಿ ಹಿಡಿದರೆ ಹದಿನೈದು ಸ್ವರಕ್ಕೆ ಮುಗಿಯಿತು, ಹಳೆಯದು ತನ್ನಷ್ಟಕ್ಕೆ ಕಡಿಯುತ್ತದೆ. ಪ್ರಾರ್ಥನೆ ನಡೆಯುವಾಗ ಪಿಯಾನೋದಿಂದ ಪ್ಯಾಡ್‌ಗೆ ಹೋದರೆ ನಡುವೆ ಫಕ್ಕನೆ ಮೌನ. ನೀವೆಲ್ಲ ಕಣ್ಣು ತೆರೆದು ನೋಡುತ್ತೀರಿ, ಪಾಪ ಅವನು ತಲೆ ತಗ್ಗಿಸುತ್ತಾನೆ. 2018ರಲ್ಲಿ ಬಂದ ಯಮಹಾ ಮೋಡೆಕ್ಸ್‌ನಲ್ಲಿ ಸ್ಯಾಂಪಲ್ ಧ್ವನಿಗೇ 128 ಉಂಟು, ಧ್ವನಿ ಬದಲಾಯಿಸಿದರೂ ಹಿಂದಿನದು ಕಡಿಯದೆ ಮೆಲ್ಲ ಇಳಿಯುತ್ತದೆ. ಅದಕ್ಕೆ ಹಣ ತುಂಬಾ ಬೇಕು. ಮತ್ತೆ ಆ ಮೂರು ಕೀ ಸತ್ತದ್ದು ಕಂಪನಿಯ ತಪ್ಪಲ್ಲ, ನಮ್ಮ ಕಡಲಿನ ಉಪ್ಪು ಗಾಳಿಯ ಕೆಲಸ.

ಇನ್ನು ನನ್ನ ವಿಷಯ. ಮೊದಲ ದೊಡ್ಡ ಮಳೆ ಬಂದ ವಾರ ಕಾರ್ಕಳದ ಪ್ರಾರ್ಥನಾ ಕೂಟಕ್ಕೆ ಹೋದೆ. ಶೀಟಿನ ಮಾಡು. ಮಧ್ಯದಲ್ಲಿ ಎರಡು ಬಕೆಟ್. ಗೋಡೆಯಲ್ಲಿ ನೀರಿಳಿದು ಸ್ವಿಚ್ ಬೋರ್ಡ್ ತನಕ ಬಂದಿತ್ತು, ಲೈಟ್ ಹಾಕಲು ಯಾರಿಗೂ ಧೈರ್ಯವಿಲ್ಲ. ಒಬ್ಬ ಅಜ್ಜಿ ಒಳಗೆ ಕೊಡೆ ಬಿಡಿಸಿಕೊಂಡು ಕೂತು ಸ್ತುತಿಸುತ್ತಿದ್ದರು. ನಾನು ಪ್ರಸಂಗ ಮಾಡಿದೆ, ಚಹಾ ಕುಡಿದೆ, ಬಂದೆ. ಅದೇ ರಾತ್ರಿ ಹನ್ನೆರಡರ ತನಕ ಹೊಸ ಕೀಬೋರ್ಡಿನ ಡೆಮೋ ವಿಡಿಯೋ ನೋಡಿದೆ, ಪ್ರಿಯರೇ. ಆ ಅಜ್ಜಿ ನೆನಪಿಗೇ ಬರಲಿಲ್ಲ. ನೆನಪಾದದ್ದು ಮರುದಿನ ಬೆಳಿಗ್ಗೆ ಈ ಅಧ್ಯಾಯ ಓದುವಾಗ.

ಯೋವಾಷ ಏಳು ವರ್ಷದವನಿರುವಾಗ ಅರಸನಾದ. ದೇವಾಲಯದ ಬಿರುಕು ಸರಿಮಾಡಿಸಿ ಎಂದು ಯಾಜಕರಿಗೆ ಹೇಳಿದ್ದ. ಅವನ ಆಳಿಕೆಯ 23ನೇ ವರ್ಷ ಬಂದರೂ ಬಿರುಕು ಹಾಗೇ ಇತ್ತು, ಆಗ ಅವನಿಗೆ ಮೂವತ್ತು. ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಮಾಡಿ ಯಜ್ಞವೇದಿಯ ಬಲಗಡೆ ಇಟ್ಟ. ಈಗ 13ನೇ ವಚನ ನೋಡಿ. ಆ ಹಣದಿಂದ ಬೆಳ್ಳಿ ಬಟ್ಟಲು ಮಾಡಿಸಲಿಲ್ಲ, ತುತೂರಿಯನ್ನೂ ಮಾಡಿಸಲಿಲ್ಲ. ತುತೂರಿ ಅಂದರೆ ಎಂತ? ಆರಾಧನೆಯ ವಾದ್ಯ! ಮೊದಲು ಕಟ್ಟಡ. ಎರಡನೆಯ ಪೂರ್ವಕಾಲವೃತ್ತಾಂತ 24:14ರಲ್ಲಿ, ಕೆಲಸ ಮುಗಿದ ಮೇಲೆ ಉಳಿದ ಹಣದಿಂದ ಪಾತ್ರೆಗಳನ್ನು ಮಾಡಿಸಿದರು ಎಂದಿದೆ.

ನನಗೆ ಖುಷಿಯಾಯಿತು. ವಚನ ಸಿಕ್ಕಿತು, ಕೀಬೋರ್ಡ್ ಹಣ ಕಾರ್ಕಳದ ಮಾಡಿಗೆ ಹಾಕುವ, ಭಾನುವಾರ ಹೇಳಿದರೆ ಆಯ್ತು ಅಂದುಕೊಂಡೆ. ಆದರೆ 16ನೇ ವಚನ ತಡೆಯಿತು. ಅಪರಾಧ ಪ್ರಾಯಶ್ಚಿತ್ತದ ಹಣವನ್ನು ಆ ಪೆಟ್ಟಿಗೆಗೆ ಸೇರಿಸಲಿಲ್ಲ, ಅದು ಯಾಜಕರಿಗೆ ಸೇರಿದ್ದು. ಬಿರುಕಿನ ಕೆಲಸ ಎಷ್ಟು ತುರ್ತಿದ್ದರೂ ಬೇರೆ ಹಣಕ್ಕೆ ಅವರು ಕೈ ಹಾಕಲಿಲ್ಲ.

ಮಲ್ಪೆಯಲ್ಲಿ ಮೀನು ಮಾರುವ ಒಬ್ಬ ಅಕ್ಕ ನನ್ನ ಕೈಗೆ ಮಡಚಿದ ನೋಟು ಕೊಟ್ಟು, "ಆ ಹುಡುಗ ನುಡಿಸುವಾಗ ನನಗೆ ಅಳು ಬರ್ತದೆ ಪಾಸ್ಟರ್, ಅವನಿಗೆ ಒಳ್ಳೇದು ತೆಗೆದುಕೊಡಿ" ಅಂದಿದ್ದರು. ಆ ನೋಟನ್ನು ಅವರಿಗೆ ಹೇಳದೆ ಶೀಟಿಗೆ ಹಾಕಲು ನಾನು ಯಾರು? ಒಳ್ಳೆಯ ಕೆಲಸಕ್ಕೇ ಹಾಕಿದರೂ ಅದು ಅವರ ಕಾಣಿಕೆ ಆಗಿ ಉಳಿಯುವುದಿಲ್ಲ, ನನ್ನ ಪ್ಲಾನ್ ಆಗುತ್ತದೆ.

ಕೆಲವರು ಹೇಳುವುದುಂಟು, 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಸ್ಟ್ರೀಟ್‌ನಲ್ಲಿ ವಿಲಿಯಂ ಸೀಮೋರ್ ಕೂಟ ನಡೆಸುವಾಗ ಮೊದಲ ದಿನಗಳಲ್ಲಿ ವಾದ್ಯವೂ ಇರಲಿಲ್ಲ, ಹಾಡಿನ ಪುಸ್ತಕವೂ ಇರಲಿಲ್ಲ, ನಮಗೆ ಯಾಕೆ ಅಂತ. ಮಾತು ಸತ್ಯ. ಆದರೆ ಅದನ್ನು ಹೇಳಿ ಈ ತಮ್ಮನ ಬಾಯಿ ಮುಚ್ಚಿಸಲು ನನಗೆ ಇಷ್ಟವಿಲ್ಲ. ಇದೇ ಪುಸ್ತಕದ 3ನೇ ಅಧ್ಯಾಯದಲ್ಲಿ ಎಲೀಷನು ವಾದ್ಯ ನುಡಿಸುವವನನ್ನು ಕರೆಸಿ ಎಂದು ಕೇಳಿದ. ಅವನು ನುಡಿಸುತ್ತಿರುವಾಗಲೇ ಕರ್ತನ ಹಸ್ತ ಎಲೀಷನ ಮೇಲೆ ಬಂತು. ವಾದ್ಯ ಬೇಡ ಎಂದು ನಾನು ಹೇಳುತ್ತಿಲ್ಲ.

ಹಾಗಾಗಿ ಹೀಗೆ ಮಾಡುವ. ಹೆಸರು ಬರೆದು ಕೊಟ್ಟವರನ್ನು ನಾನೇ ಒಬ್ಬೊಬ್ಬರಾಗಿ ಕೇಳುತ್ತೇನೆ: ಕೀಬೋರ್ಡಿಗೇ ಇರಲಿಯಾ, ಕಾರ್ಕಳಕ್ಕೆ ಕೊಡಲಾ, ವಾಪಸ್ ಬೇಕಾ? ಮೂರಕ್ಕೂ ನನ್ನ ಮುಖ ಒಂದೇ ಥರ ಇರುತ್ತದೆ, ಪ್ರಯತ್ನ ಮಾಡುತ್ತೇನೆ. ಹೆಸರಿಲ್ಲದ ಕವರ್‌ಗಳ ಹಣ ಕೀಬೋರ್ಡಿಗೇ ಇರುತ್ತದೆ, ಯಾಕೆಂದರೆ ಕೇಳಲು ಯಾರೂ ಸಿಗುವುದಿಲ್ಲ. ಕಾರ್ಕಳಕ್ಕೆ ಇವತ್ತಿನಿಂದ ಬೇರೆ ಪೆಟ್ಟಿಗೆ, ಬಲಗಡೆ ಇಟ್ಟಿದ್ದೇವೆ. ಮೊದಲ ಕವರ್ ನನ್ನ ಮನೆಯದ್ದು. ಇದನ್ನು ಹೇಳಬಾರದಿತ್ತೋ ಏನೋ, ಆದರೆ ಈಸ್ಟರ್ ದಿನ ಬಾಯಿ ಬಿಟ್ಟವನು ನಾನಲ್ಲವಾ.

ಗುರುವಾರ ರಾತ್ರಿ ತಮ್ಮ ಮತ್ತು ನಾನು ಟ್ರೈಟನ್ ಬಿಚ್ಚಿದೆವು. ಕೀ ಅಡಿಯ ರಬ್ಬರ್ ಪಟ್ಟಿ ತೆಗೆದು, ಹತ್ತಿಯಲ್ಲಿ ಸ್ಪಿರಿಟ್ ಹಾಕಿ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿದೆವು. ಸತ್ತ ಮೂರರಲ್ಲಿ ಎರಡು ಕೀಗೆ ಜೀವ ಬಂತು. ಮೂರನೆಯದು ಬರಲಿಲ್ಲ. ಅವನು ಏನೂ ಮಾತಾಡಲಿಲ್ಲ, ಸ್ಕ್ರೂ ಹಾಕುತ್ತಾ ಇದ್ದ. ಬೇಜಾರಾಯಿತಾ ಅಂತ ಕೇಳಿದೆ. "ಆಯ್ತು ಪಾಸ್ಟರ್" ಅಂದ. ಸುಳ್ಳು ಹೇಳಲಿಲ್ಲವಲ್ಲ ಅಂತ ನನಗೆ ಸಮಾಧಾನ.

ಎಲ್ಲರೂ ನಿಂತುಕೊಳ್ಳಿ. ತಮ್ಮಾ, ಬಾ. ಪ್ಯಾಡ್ ಬೇಡ, ಪಿಯಾನೋ ಒಂದೇ ಸಾಕು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವ.