ಸರ್ವರ್ ಇಲ್ಲದ ದಿನ ಯಾರ ಲೆಕ್ಕಕ್ಕೆ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನಮ್ಮ ಜಿಲ್ಲೆಯ ಈ ನಾಲ್ಕರಲ್ಲಿ ಯಾವ ತಾಲ್ಲೂಕಿನವರನ್ನು ಕೇಳಿದರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಅವರಿಗೆ ಹೊಸದಲ್ಲ. ಪಹಣಿಗೆ ಬಂದ ರೈತ, ನಾಡಕಚೇರಿಗೆ ಜಾತಿ ಪ್ರಮಾಣಪತ್ರಕ್ಕೆ ಬಂದ ಹುಡುಗಿ, ಉಪನೋಂದಣಿ ಕಚೇರಿಗೆ ಸಾಕ್ಷಿಗಳನ್ನು ಕಾರಿನಲ್ಲಿ ತುಂಬಿಕೊಂಡು ಬಂದವರು, ಎಲ್ಲರೂ ಅಷ್ಟು ಕೇಳಿ ಹಿಂತಿರುಗುತ್ತಾರೆ. ಯಾವ ಸರ್ವರ್, ಅದಕ್ಕೇನಾಗಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವವರೂ ಕಡಿಮೆ.

ಎರಡು ದಶಕದ ಹಿಂದೆ ‘ಭೂಮಿ’ ಯೋಜನೆ ಬಂದಾಗ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. 15 ರೂಪಾಯಿ ಕೊಟ್ಟರೆ ಕೈಗೆ ಅಚ್ಚಾದ ಪಹಣಿ. ಆಗ ತಾಲ್ಲೂಕಿನ ದಾಖಲೆ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು. ಕೆಟ್ಟರೆ ಪಕ್ಕದ ಕೋಣೆಯಲ್ಲಿ ಕೆಟ್ಟಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಈಗ ದಾಖಲೆಯೆಲ್ಲ ರಾಜ್ಯದ ಡೇಟಾ ಸೆಂಟರಿನಲ್ಲಿ. ಅಲ್ಲಿಗೂ ನಮ್ಮ ಕೌಂಟರಿಗೂ ನಡುವೆ ಕೆಸ್ವಾನ್ ಎಂಬ ಸರ್ಕಾರಿ ಜಾಲವಿದೆ.

ಹಾಗಾಗಿ ‘ಸರ್ವರ್ ಇಲ್ಲ’ ಎಂದಾಗ ಅನೇಕ ಸಲ ಸರ್ವರ್ ಇದ್ದೇ ಇರುತ್ತದೆ. ಹೊಸ ಬಡಾವಣೆಗೋ ರಸ್ತೆ ಅಗಲ ಮಾಡುವುದಕ್ಕೋ ಜೆಸಿಬಿ ಅಗೆದಾಗ ಕೇಬಲ್ ತುಂಡಾಗಿರಬಹುದು. ನಮ್ಮ ಜಿಲ್ಲೆಯಲ್ಲಿ ಅಗೆತಕ್ಕೇನು ಬರ? ಕಚೇರಿಯ ಯುಪಿಎಸ್ ಬ್ಯಾಟರಿ ಸತ್ತು ಜಾಲದ ಸ್ವಿಚ್ ನಿಂತಿರಬಹುದು. ತಂತಿ ಸರಿಯಿದ್ದೂ ದಾರಿಯಲ್ಲಿ ಮಾಹಿತಿಯ ತುಣುಕುಗಳಾದ ಪ್ಯಾಕೆಟ್‌ಗಳು ಉದುರಿಹೋಗುತ್ತಿರಬಹುದು, ಆಗ ಪರದೆಯ ಮೇಲೆ ಬರೀ ಚಕ್ರ ತಿರುಗುತ್ತದೆ. ಬ್ಯಾಂಡ್‌ವಿಡ್ತ್ ಸಾಲದಿದ್ದರೆ ಬೆಳಿಗ್ಗೆ ಹನ್ನೊಂದಕ್ಕೆ ಆಗದ ಕೆಲಸ ಸಂಜೆ ಐದಕ್ಕೆ ಸರಾಗವಾಗಿ ಆಗುತ್ತದೆ. 2025ರ ಆರಂಭದಲ್ಲಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ತತ್ತರಿಸಿದಾಗ ಕಾರಣ ಬೇರೆಯೇ ಇತ್ತು: ಸುಳ್ಳು ಕೋರಿಕೆಗಳನ್ನು ಲಕ್ಷಗಟ್ಟಲೆ ಸುರಿದು ಉಸಿರುಗಟ್ಟಿಸುವ ಡಿಡಾಸ್ ದಾಳಿ ಅದೆಂದು ಸರ್ಕಾರವೇ ಹೇಳಿತು, ಪೊಲೀಸರಿಗೆ ದೂರೂ ಹೋಯಿತು. ಇವು ಒಂದೊಂದಕ್ಕೂ ಹೊಣೆಗಾರರು ಬೇರೆ ಬೇರೆ. ಎಲ್ಲವನ್ನೂ ‘ಸರ್ವರ್ ಇಲ್ಲ’ ಎಂದು ಒಂದೇ ಮೂಟೆಗೆ ಕಟ್ಟಿದರೆ ಹೊಣೆ ಯಾರ ತಲೆಗೂ ಬರುವುದಿಲ್ಲ. ಅನುಕೂಲವಾದ ಮಾತು!

ಕಂಪ್ಯೂಟರ್ ಕ್ಷೇತ್ರದವರು ‘ಅಪ್‌ಟೈಮ್’, ಅಂದರೆ ಸೇವೆ ನಡೆಯುತ್ತಿದ್ದ ಹೊತ್ತು, ಎನ್ನುವ ಲೆಕ್ಕವೂ ಹೀಗೇ ಜಾರಿಕೊಳ್ಳುತ್ತದೆ. ಶೇ 99.9 ಎಂದರೆ ವರ್ಷದಲ್ಲಿ ಎಂಟೂಮುಕ್ಕಾಲು ಗಂಟೆ ಮಾತ್ರ ಸ್ಥಗಿತ. ಕೇಳಲು ಚೆನ್ನಾಗಿದೆ. ಆ ಹೊತ್ತು ನಡುರಾತ್ರಿಗಳಲ್ಲಿ ಹಂಚಿಹೋದರೆ ಯಾರಿಗೂ ಗೊತ್ತಾಗದು. ಹಾಡಹಗಲು ಬಂದರೆ ಒಂದು ಪೂರ್ತಿ ಕೆಲಸದ ದಿನವೇ ಹೋಯಿತು. ಶೇಕಡಾ ಅಂಕಿ ಮಾತ್ರ ಎರಡಕ್ಕೂ ಒಂದೇ.

ನಿಲ್ಲುವುದಕ್ಕಿಂತ ದೊಡ್ಡ ಭಯ ಕಳೆದುಹೋಗುವುದು. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇಟ್ಟು ಒಂದರ ನಕಲನ್ನು ಇನ್ನೊಂದಕ್ಕೆ ಬರೆಸುವುದು ‘ರೇಡ್’ ಪದ್ಧತಿಯ ಒಂದು ಬಗೆ. ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ, ಕೋಣೆಗೇ ಬೆಂಕಿ ಬಿದ್ದರೆ ಕಾಯದು. ದೂರದ ಊರಿಗೆ ಕ್ಷಣಕ್ಷಣಕ್ಕೂ ನಕಲು ಕಳಿಸುವ ‘ರೆಪ್ಲಿಕೇಶನ್’ ಬೆಂಕಿಗೆ ಜಗ್ಗದು, ಆದರೆ ಇಲ್ಲಿ ಯಾರೋ ತಪ್ಪಾಗಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ‘ಬ್ಯಾಕಪ್’ ಎಂಬುದು ಈ ಎರಡೂ ಅಲ್ಲ. ಹಗೇವಿನಲ್ಲಿ ರಾಗಿ ತುಂಬಿಟ್ಟವರು ಬಿತ್ತನೆಯದನ್ನು ಬೇರೆ ಕಡೆ ತೆಗೆದಿಡುವಂತೆ, ದಿನನಿತ್ಯದ ಬಳಕೆಯ ಕೈಗೆ ಸಿಗದ ಹಾಗೆ ಇಡಬೇಕಾದದ್ದು ಅದು. ದಕ್ಷಿಣ ಕೊರಿಯಾದಂಥ ದೇಶವೂ ಇಲ್ಲಿ ಎಡವಿತು. 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬೆಂಕಿ ಹೊತ್ತಿ 709 ಸೇವೆಗಳು ನಿಂತವು. ಅಧಿಕಾರಿಗಳು ಕಡತ ಇಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಮಾಹಿತಿಗೆ ಹೊರಗೆ ಪ್ರತಿಯೇ ಇರಲಿಲ್ಲ. ಎಲ್ಲ ಸುಟ್ಟುಹೋಯಿತು. ನಮ್ಮಲ್ಲಿ ಈಗ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೇ ಕಡತಗಳನ್ನು ‘ಭೂ ಸುರಕ್ಷಾ’ ಹೆಸರಿನಲ್ಲಿ ಸ್ಕ್ಯಾನ್ ಮಾಡುತ್ತಿರುವಾಗ ಈ ಸುದ್ದಿ ನೆನಪಿರಬೇಕು. ಸ್ಕ್ಯಾನ್ ಆಯಿತೆಂದು ಕಾಗದವನ್ನು ಗೆದ್ದಲಿಗೆ ಬಿಟ್ಟುಕೊಡುವಂತಿಲ್ಲ.

ಇನ್ನು ಕೌಂಟರಿನ ಮುಂದೆ ನಿಂತವರ ವಿಷಯ. 2011ರ ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಗಡುವಿನ ಲೆಕ್ಕ ಶುರುವಾಗುವುದು ಅರ್ಜಿ ದಾಖಲಾಗಿ 15 ಅಂಕಿಯ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಇಲ್ಲದ ದಿನ ಅರ್ಜಿಯೇ ದಾಖಲಾಗದು, ಸಂಖ್ಯೆಯೂ ಇಲ್ಲ. ಬಸ್ ಚಾರ್ಜು, ಅರ್ಧ ದಿನದ ಕೂಲಿ ಕಳೆದುಕೊಂಡು ಹಿಂತಿರುಗಿದವರು ಕಾಯ್ದೆಯ ಕಣ್ಣಿನಲ್ಲಿ ಬಂದೇ ಇಲ್ಲ.

ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ಅಂಥ ದಿನ ಅರ್ಜಿಯನ್ನು ಕಾಗದದ ಮೇಲೆ ತೆಗೆದುಕೊಂಡು, ತಾರೀಖು ಹಾಕಿದ ರಸೀದಿ ಕೊಟ್ಟು, ಜಾಲ ಬಂದ ಮೇಲೆ ಅದೇ ತಾರೀಖಿನಿಂದ ಗಡುವು ಎಣಿಸಬಹುದು. ಏನು ಕೆಟ್ಟಿದೆ, ಎಷ್ಟು ಗಂಟೆಯಿಂದ, ಯಾರಿಗೆ ತಿಳಿಸಿದ್ದಾಯಿತು ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬಹುದು. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಕುಳಿತವರು ಮನಸ್ಸು ಮಾಡಿ ಈ ನಾಲ್ಕು ತಾಲ್ಲೂಕುಗಳಿಂದಲೇ ಶುರುಮಾಡಲಿ.